ಜಾಲತಾಣಕ್ಕೆ ಬಂದವರು ಕೊಳ್ಳುವವರಾಗಲು: ಗ್ರಾಮೀಣ ಉತ್ಪಾದಕರ ಮಾರಾಟ ತಾಣಗಳ ಕುರಿತು ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವಸಹಾಯ ಸಂಘಗಳು, ನೇಕಾರರು, ಕುಶಲಕರ್ಮಿಗಳು ಹಾಗೂ ಸಣ್ಣ ಉದ್ದಿಮೆದಾರರು ಮಧ್ಯವರ್ತಿಗಳಿಲ್ಲದೆ ತಮ್ಮ ಸರಕನ್ನು ಮಾರುವ ಸಲುವಾಗಿ ಜಾಲತಾಣಗಳನ್ನು ತೆರೆಯುತ್ತಿದ್ದಾರೆ. ತಾಣ ತೆರೆದ ದಿನ ಉತ್ಸಾಹವಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ‘ನೋಡುವವರಿದ್ದಾರೆ, ಕೊಳ್ಳುವವರಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಸಂಘದ ಉಳಿತಾಯದಿಂದ ಕೊಟ್ಟ ಹಣ ವ್ಯರ್ಥವಾಯಿತೆಂಬ ಬೇಸರದಲ್ಲಿ ತಾಣದ ವಾರ್ಷಿಕ ಶುಲ್ಕವನ್ನೂ ಕಟ್ಟದೆ ಬಿಡುವುದುಂಟು. ಸರಕು ಪುನಃ ಹಳೆಯ ದಲ್ಲಾಳಿಯ ಕೈಗೆ, ಹಳೆಯ ಬೆಲೆಗೇ ಸೇರುತ್ತದೆ. ಹೀಗಾಗದಂತೆ ಉತ್ಪಾದಕರಿಗೆ ತಿಳಿವಳಿಕೆ ನೀಡಲು ಸದಸ್ಯರು ಅರಿತಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಇಳಕಲ್ ಸೀರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದ್ದು, ಇದೇ ಕ್ರಮವು ರೊಟ್ಟಿ, ಚಟ್ನಿಪುಡಿ, ಬೆಲ್ಲ, ಕೌದಿ, ಮರದ ಆಟಿಕೆ ಮುಂತಾದ ಯಾವುದೇ ಸರಕಿಗೂ ಅನ್ವಯಿಸುತ್ತದೆ.

1. ಸಂತೆಗೂ ತಾಣಕ್ಕೂ ಇರುವ ವ್ಯತ್ಯಾಸ

ಸಂತೆಯಲ್ಲಿ ಸೀರೆ ಕೊಳ್ಳುವವರು ಬಟ್ಟೆಯನ್ನು ಮುಟ್ಟುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಅಂಚನ್ನು ತಿರುವಿ ಪರೀಕ್ಷಿಸುತ್ತಾರೆ, ಬೆಲೆ ಕೇಳುತ್ತಾರೆ. ಮಾರುವವರು ಅವರ ಮುಖಭಾವದಿಂದಲೇ ಅನುಮಾನವನ್ನು ಗುರುತಿಸಿ, ಕೇಳುವ ಮೊದಲೇ ಉತ್ತರ ಹೇಳುತ್ತಾರೆ. ಜಾಲತಾಣದಲ್ಲಿ ಮುಟ್ಟಲು ಬಟ್ಟೆಯೂ ಇಲ್ಲ, ಉತ್ತರಿಸಲು ಮಾರುವವರೂ ಇಲ್ಲ. ಅಲ್ಲಿಗೆ ಬಂದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಪುಟದ ಮೇಲೆ ಉತ್ತರ ಸಿಗದಿದ್ದರೆ ಅವರು ಯಾರಿಗೂ ಹೇಳದೆ ಹೊರಟುಹೋಗುತ್ತಾರೆ. ಹೋದದ್ದು ಮಾರುವವರಿಗೆ ತಿಳಿಯುವುದೂ ಇಲ್ಲ.

ಆದುದರಿಂದ ಈ ಪಾಠದ ಸಾರ ಒಂದೇ: ತಾಣದ ಅಲಂಕಾರದಿಂದ ಮಾರಾಟ ಹೆಚ್ಚುವುದಿಲ್ಲ, ಕೊಳ್ಳುವವರ ಪ್ರಶ್ನೆಗಳಿಗೆ ಕೇಳುವ ಮೊದಲೇ ಪ್ರಾಮಾಣಿಕ ಉತ್ತರ ಕೊಡುವುದರಿಂದ ಮಾರಾಟ ಹೆಚ್ಚುತ್ತದೆ.

2. ಸೋರಿಕೆ ಎಲ್ಲಿದೆ ಎಂಬುದನ್ನು ಮೊದಲು ಅರಿಯುವುದು

ನೇಕಾರ ಮಹಿಳೆಯರ ಸಂಘವೊಂದರ ತಾಣಕ್ಕೆ ತಿಂಗಳಿಗೆ 1,000 ಜನ ಭೇಟಿ ನೀಡುತ್ತಾರೆಂದು ಭಾವಿಸೋಣ. ಅವರಲ್ಲಿ 400 ಜನ ಯಾವುದಾದರೊಂದು ಸೀರೆಯ ಪುಟವನ್ನು ತೆರೆದರು; 60 ಜನ ‘ಖರೀದಿಸಿ’ ಗುಂಡಿಯನ್ನು ಒತ್ತಿದರು; 10 ಜನ ಮಾತ್ರ ಹಣ ಪಾವತಿಸಿದರು. ಸೀರೆಗೆ 2,500 ರೂಪಾಯಿಯಂತೆ ತಿಂಗಳ ಮಾರಾಟ 25,000 ರೂಪಾಯಿ.

ಇದನ್ನು ಇಮ್ಮಡಿಗೊಳಿಸಲು ಎರಡು ದಾರಿಗಳಿವೆ. ಜಾಹೀರಾತಿಗೆ ಹಣ ಸುರಿದು 2,000 ಜನರನ್ನು ಕರೆತರುವುದು ಒಂದು. ಕೊಳ್ಳುವ ಮನಸ್ಸು ಮಾಡಿ, ಗುಂಡಿ ಒತ್ತಿ, ಕೊನೆಯ ಹೆಜ್ಜೆಯಲ್ಲಿ ಹಿಂದಿರುಗಿದ 50 ಜನರಲ್ಲಿ 10 ಜನರನ್ನು ಉಳಿಸಿಕೊಳ್ಳುವುದು ಇನ್ನೊಂದು. ಫಲ ಒಂದೇ ಆದರೂ ಎರಡನೆಯದಕ್ಕೆ ಜಾಹೀರಾತಿನ ವೆಚ್ಚವಿಲ್ಲ. ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿಯುವ ಮೊದಲು ತೂತನ್ನು ಮುಚ್ಚುವುದೇ ವಿವೇಕ.

ಈ ನಾಲ್ಕು ಸಂಖ್ಯೆಗಳನ್ನು, ಅಂದರೆ ಭೇಟಿ, ಉತ್ಪನ್ನದ ಪುಟ, ಖರೀದಿ ಗುಂಡಿ ಮತ್ತು ಪಾವತಿಗಳನ್ನು ಪ್ರತಿ ತಿಂಗಳು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಗೂಗಲ್ ಅನಲಿಟಿಕ್ಸ್‌ನಂತಹ ಉಚಿತ ಸಾಧನಗಳಿಂದ ಇವು ದೊರೆಯುತ್ತವೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಬೇಕು. ತಿಂಗಳಿಗೆ ಹತ್ತು ಮಾರಾಟವಿದ್ದಲ್ಲಿ ಒಂದೆರಡರ ಏರಿಳಿತ ಸಹಜ. ಕೆಲವು ತಿಂಗಳ ಲೆಕ್ಕವಿಲ್ಲದೆ ಯಾವ ತೀರ್ಮಾನಕ್ಕೂ ಬರಬಾರದು.

3. ಕೊಳ್ಳುವವರ ಐದು ಪ್ರಶ್ನೆಗಳು

ಮೊದಲನೆಯದು: ಇದು ನಿಖರವಾಗಿ ಏನು? ‘ಸುಂದರ ಸಾಂಪ್ರದಾಯಿಕ ಸೀರೆ’ ಎಂಬ ವರ್ಣನೆಯಿಂದ ಏನೂ ತಿಳಿಯುವುದಿಲ್ಲ. ಮೈ ಹತ್ತಿಯದೋ ರೇಷ್ಮೆಯದೋ, ಸೆರಗು ಅಸಲಿ ರೇಷ್ಮೆಯದೋ ಕೃತಕ ರೇಷ್ಮೆಯದೋ, ಉದ್ದ ಆರು ಗಜವೋ ಒಂಬತ್ತು ಗಜವೋ, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ, ಅಂಚು ಚಿಕ್ಕಿಯೋ ಗೋಮಿಯೋ, ಒಗೆಯುವ ಕ್ರಮವೇನು ಎಂಬುದನ್ನು ಸಾಲುಸಾಲಾಗಿ ಬರೆಯಬೇಕು. ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕು. ಬಣ್ಣವನ್ನು ತಿದ್ದಿ ಹೊಳಪು ಹೆಚ್ಚಿಸಿದ ಚಿತ್ರವು ಒಂದು ಸೀರೆಯನ್ನು ಮಾರಿಸಿ, ಅದೇ ಸೀರೆಯನ್ನು ಹಿಂದಕ್ಕೂ ತರಿಸುತ್ತದೆ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಈ ಸೀರೆಗೆ ಮಹಾರಾಷ್ಟ್ರದಲ್ಲಿ ಹಿಂದಿನಿಂದಲೂ ಬೇಡಿಕೆಯಿದ್ದು, ಅಲ್ಲಿನವರು ಇದನ್ನು ‘ಇರ್ಕಲ್’ ಎಂದು ಕರೆಯುತ್ತಾರೆ. ತಾಣದಲ್ಲಿ ಆ ಹೆಸರೇ ಇಲ್ಲದಿದ್ದರೆ ಆ ಹೆಸರಿನಿಂದ ಹುಡುಕುವವರಿಗೆ ತಾಣ ಸಿಗುವುದು ಕಷ್ಟ. ಕೊಳ್ಳುವವರ ಬಾಯಲ್ಲಿರುವ ಹೆಸರನ್ನು, ಸಾಧ್ಯವಾದರೆ ಅವರ ಭಾಷೆಯಲ್ಲಿಯೂ ನಮೂದಿಸಬೇಕು.

ಎರಡನೆಯದು: ಇದು ಅಸಲಿಯೇ? ಇಳಕಲ್ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ಈ ನೇಯ್ಗೆಯ ವೈಶಿಷ್ಟ್ಯ. ಇದಕ್ಕಾಗಿ ಪ್ರತಿ ಸೀರೆಗೂ ಪ್ರತ್ಯೇಕ ಹಾಸು ಬೇಕು. ಹೋಲುವ ವಿನ್ಯಾಸದ ವಿದ್ಯುತ್ ಮಗ್ಗದ ಸೀರೆ ಅಗ್ಗವಾಗಿ ಸಿಗುವಾಗ, ಈ ವ್ಯತ್ಯಾಸವನ್ನು ಹೇಳದ ತಾಣವು ಕೈಮಗ್ಗದ ಸೀರೆಯನ್ನು ಬೆಲೆಯ ಪೈಪೋಟಿಗೆ ಮಾತ್ರ ಒಡ್ಡುತ್ತದೆ. ಆ ಪೈಪೋಟಿಯಲ್ಲಿ ನೇಕಾರ ಮಹಿಳೆ ಗೆಲ್ಲಲಾರಳು. ಕೊಂಡಿಯ ಜೋಡಣೆಯನ್ನು ಹತ್ತಿರದಿಂದ ತೋರಿಸುವ ಒಂದು ಚಿತ್ರ, ಮಗ್ಗದ ಮೇಲಿನ ಸೀರೆಯ ಒಂದು ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆ ಇದ್ದರೆ ಬೆಲೆ ಏಕೆ ಹೆಚ್ಚೆಂಬುದು ತಾನಾಗಿಯೇ ತಿಳಿಯುತ್ತದೆ. ಕೈಮಗ್ಗ ಗುರುತು ಅಥವಾ ರೇಷ್ಮೆ ಗುರುತನ್ನು ನಿಜವಾಗಿ ಪಡೆದಿದ್ದಲ್ಲಿ ಮಾತ್ರ ಪ್ರಕಟಿಸಬೇಕು.

ಮೂರನೆಯದು: ಒಟ್ಟು ಎಷ್ಟಾಗುತ್ತದೆ? ‘ಬೆಲೆಗಾಗಿ ಸಂಪರ್ಕಿಸಿ’ ಎಂದು ಬರೆದಲ್ಲಿ ಅನೇಕರು ಸಂಪರ್ಕಿಸುವುದೇ ಇಲ್ಲ. 2,500 ರೂಪಾಯಿ ಎಂದು ತೋರಿಸಿ, ಕೊನೆಯ ಪುಟದಲ್ಲಿ ಸಾಗಾಣಿಕೆ ಹಾಗೂ ತೆರಿಗೆಯನ್ನು ಸೇರಿಸಿದರೆ ಕೊಳ್ಳುವವರಿಗೆ ಮೋಸದ ಭಾವನೆ ಬರುತ್ತದೆ. ಎಲ್ಲವನ್ನೂ ಒಳಗೊಂಡ ಬೆಲೆಯನ್ನು ಉತ್ಪನ್ನದ ಪುಟದಲ್ಲಿಯೇ ಹೇಳುವುದು ಮೇಲು.

ನಾಲ್ಕನೆಯದು: ಯಾವಾಗ ತಲಪುತ್ತದೆ? ಸಿದ್ಧವಿರುವ ಸೀರೆಯನ್ನು ಎಷ್ಟು ದಿನಗಳಲ್ಲಿ ಅಂಚೆಗೆ ಹಾಕಲಾಗುವುದು, ಹೊಸದಾಗಿ ನೇಯಬೇಕಾದುದಕ್ಕೆ ಎಷ್ಟು ವಾರ ಬೇಕು ಎಂಬುದನ್ನು ಸ್ಪಷ್ಟಪಡಿಸಬೇಕು. ಮದುವೆಗೆಂದು ಕೊಳ್ಳುವವರಿಗೆ ದಿನಾಂಕವೇ ಮುಖ್ಯ. ಪಾಲಿಸಲಾಗದ ನಾಲ್ಕು ದಿನದ ಭರವಸೆಗಿಂತ ಪಾಲಿಸಬಲ್ಲ ಹತ್ತು ದಿನದ ಮಾತು ಲೇಸು. ಮಾರಾಟವಾದ ಸೀರೆಯನ್ನು ತಾಣದಿಂದ ಅದೇ ದಿನ ತೆಗೆಯಬೇಕು.

ಐದನೆಯದು: ದೋಷವಿದ್ದರೆ ಯಾರು ಹೊಣೆ? ಹಿಂದಿರುಗಿಸುವ ನಿಯಮ, ಅದಕ್ಕಿರುವ ದಿನಗಳ ಮಿತಿ ಮತ್ತು ಸಾಗಾಣಿಕೆ ವೆಚ್ಚ ಯಾರದೆಂಬುದನ್ನು ಸರಳ ಮಾತಿನಲ್ಲಿ ಬರೆಯಬೇಕು. ಕೈನೇಯ್ಗೆಯಲ್ಲಿ ಎಳೆಯ ಸಣ್ಣ ವ್ಯತ್ಯಾಸ ಸಹಜ, ಹರಿದಿರುವುದು ಅಥವಾ ಕಲೆ ದೋಷ ಎಂಬ ಭೇದವನ್ನು ಮೊದಲೇ ತಿಳಿಸಿದರೆ ಮುಂದೆ ತಕರಾರು ಕಡಿಮೆಯಾಗುತ್ತದೆ. ಸಂಘದ ಹೆಸರು, ಊರಿನ ವಿಳಾಸ, ಕೆಲಸದ ವೇಳೆಯಲ್ಲಿ ನಿಜವಾಗಿ ಕರೆ ಸ್ವೀಕರಿಸುವ ದೂರವಾಣಿ ಸಂಖ್ಯೆ ಪ್ರತಿ ಪುಟದಲ್ಲಿಯೂ ಇರಬೇಕು.

4. ಪಾವತಿಯ ಹೊಸ್ತಿಲು

ಕೊಳ್ಳುವ ಮನಸ್ಸು ಮಾಡಿದವರು ಎಡವುವುದು ಇಲ್ಲಿಯೇ. ಹೆಸರು, ವಿಳಾಸ, ಪಿನ್ ಸಂಖ್ಯೆ, ದೂರವಾಣಿ ಸಂಖ್ಯೆ ಇವಿಷ್ಟು ಸಾಕು. ಖಾತೆ ತೆರೆಯಲೇಬೇಕು, ಗುಪ್ತಪದ ರಚಿಸಲೇಬೇಕು ಎಂಬ ಒತ್ತಾಯ ಬೇಡ. ಯುಪಿಐ ಪಾವತಿಯ ಸೌಲಭ್ಯವಿರಲೇಬೇಕು. ಪಾವತಿ ಸೇವೆ ನೀಡುವ ಸಂಸ್ಥೆಯ ಶುಲ್ಕವೆಷ್ಟೆಂಬುದನ್ನು ಒಪ್ಪಂದಕ್ಕೆ ಮೊದಲೇ ಓದಿಕೊಳ್ಳಬೇಕು.

ಹಣವು ಸಂಘದ ಬ್ಯಾಂಕ್ ಖಾತೆಗೆ ಬರಬೇಕೇ ಹೊರತು ಯಾವ ವ್ಯಕ್ತಿಯ ಖಾತೆಗೂ ಅಲ್ಲ. ಪಾವತಿಯ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿದ ಮಾತ್ರಕ್ಕೆ ಹಣ ಬಂದಂತಲ್ಲ. ಖಾತೆಗೆ ಜಮೆಯಾದುದನ್ನು ಖಚಿತಪಡಿಸಿಕೊಂಡ ನಂತರವೇ ಸರಕು ಕಳುಹಿಸಬೇಕು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ನಮೂದಿಸುವ ಅಗತ್ಯವಿಲ್ಲ. ನಮೂದಿಸುವಂತೆ ಕೇಳುವವರು ವಂಚಕರೆಂದೇ ತಿಳಿಯಬೇಕು.

ತಾಣವನ್ನು ಮೊಬೈಲಿನಲ್ಲಿ ತೆರೆಯುವವರ ಸಂಖ್ಯೆ ದೊಡ್ಡದು. ಮೊಬೈಲಿನಲ್ಲಿ ತೆಗೆದ ಚಿತ್ರದ ಗಾತ್ರ ಹಲವು ಮೆಗಾಬೈಟ್ ಇರುತ್ತದೆ. ಅದನ್ನು ಸುಮಾರು 200 ಕಿಲೋಬೈಟ್‌ಗೆ ಇಳಿಸಿ ಹಾಕಿದರೆ ದುರ್ಬಲ ಸಂಪರ್ಕವಿರುವಲ್ಲಿಯೂ ಪುಟ ಬೇಗ ತೆರೆಯುತ್ತದೆ.

5. ಕಾನೂನಿನ ಅಗತ್ಯಗಳು

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಮಾರಾಟ ತಾಣದಲ್ಲಿ ಸಂಸ್ಥೆಯ ಹೆಸರು, ವಿಳಾಸ, ಸಂಪರ್ಕ ವಿವರ ಹಾಗೂ ದೂರು ನಿರ್ವಹಣಾ ಅಧಿಕಾರಿಯ ವಿವರವನ್ನು ಪ್ರಕಟಿಸತಕ್ಕದ್ದು. ದೂರು ಬಂದುದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಗ್ರಾಹಕರ ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಡುವುದು ನಿಷಿದ್ಧ. ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ ಕಾನೂನು ಮಾಪನ ನಿಯಮಗಳಂತೆ ತಯಾರಕರ ಹೆಸರು, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳು ತಾಣದಲ್ಲಿಯೂ ಇರಬೇಕು. ಆಹಾರ ಪದಾರ್ಥವಾದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಬೇಕು. ಇವೆಲ್ಲ ಹೊರೆಯೆಂದು ತೋರಿದರೂ, ಮೇಲೆ ಹೇಳಿದ ಐದು ಪ್ರಶ್ನೆಗಳಲ್ಲಿ ಹಲವಕ್ಕೆ ಇವೇ ಉತ್ತರಗಳಾಗಿವೆ.

6. ತಾಣದ ಒಡೆತನ

ತಾಣದ ವಿಳಾಸವನ್ನು ಅದನ್ನು ನಿರ್ಮಿಸಿಕೊಟ್ಟವರ ಹೆಸರಿನಲ್ಲಿ ನೋಂದಾಯಿಸಿದರೆ, ಅವರು ಊರು ಬಿಟ್ಟ ದಿನ ಸಂಘವು ತನ್ನ ಹೆಸರನ್ನೂ ಗ್ರಾಹಕರನ್ನೂ ಕಳೆದುಕೊಳ್ಳುವ ಅಪಾಯವಿದೆ. ನೋಂದಣಿ ಸಂಘದ ಹೆಸರಿನಲ್ಲಿರಬೇಕು. ಗುಪ್ತಪದಗಳು ಕನಿಷ್ಠ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು. ನವೀಕರಣದ ದಿನಾಂಕವನ್ನು ನಡಾವಳಿಯಲ್ಲಿ ದಾಖಲಿಸಬೇಕು. ಬೆಲೆ ಬದಲಿಸುವುದು, ಹೊಸ ಚಿತ್ರ ಹಾಕುವುದು ಸಂಘದ ಸದಸ್ಯೆಯೊಬ್ಬರಿಗಾದರೂ ಬರುವಂತೆ ಕಲಿಸಿಕೊಡುವುದನ್ನು ನಿರ್ಮಾಣದ ಒಪ್ಪಂದದಲ್ಲಿಯೇ ಸೇರಿಸಬೇಕು.

7. ಸದಸ್ಯರ ಪಾತ್ರ: ಅರ್ಧ ಗಂಟೆಯ ಪರೀಕ್ಷೆ

ವ್ಯಾಪಾರ ನಡೆಸುವುದು ಸದಸ್ಯರ ಕೆಲಸವಲ್ಲ. ಆದರೆ ಉತ್ಪಾದಕರಿಗೆ ಹೊರಗಿನವರ ಕಣ್ಣು ಬೇಕಾಗುತ್ತದೆ. ಅದನ್ನು ಸದಸ್ಯರು ಒದಗಿಸಬಹುದು. ಸಂಜೀವಿನಿ ಒಕ್ಕೂಟದ ಪದಾಧಿಕಾರಿಗಳೊಂದಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸೇರಿ ಈ ಪರೀಕ್ಷೆಯನ್ನು ನಡೆಸಬಹುದಾಗಿದೆ.

ತಾಣವನ್ನು ಹಿಂದೆಂದೂ ನೋಡದ ಒಬ್ಬರ ಕೈಗೆ ಸಾಮಾನ್ಯ ಮೊಬೈಲನ್ನು ಕೊಟ್ಟು, ‘ಒಂದು ಸೀರೆ ಕೊಳ್ಳಿರಿ’ ಎಂದಷ್ಟೇ ಹೇಳಬೇಕು. ಸಂಘದವರು ಪಕ್ಕದಲ್ಲಿ ಕುಳಿತು ನೋಡಬೇಕು. ಸಹಾಯ ಮಾಡಬಾರದು, ವಿವರಣೆ ಕೊಡಬಾರದು. ಅವರು ಎಲ್ಲಿ ನಿಂತರು, ಏನನ್ನು ಹುಡುಕಿದರು, ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಬರೆದುಕೊಳ್ಳಬೇಕು. ಕೇಳಿದ ಪ್ರತಿ ಪ್ರಶ್ನೆಯೂ ತಾಣದಲ್ಲಿ ಇಲ್ಲದ ಒಂದು ಸಾಲನ್ನು ಸೂಚಿಸುತ್ತದೆ. ಮೂರು ನಾಲ್ಕು ಜನರಿಂದ ಹೀಗೆ ಮಾಡಿಸಿದರೆ ತಿದ್ದಬೇಕಾದ ಪಟ್ಟಿ ಸಿದ್ಧವಾಗುತ್ತದೆ.

ಚರ್ಚೆಗೆ ಪ್ರಶ್ನೆಗಳು

ಅ) ತಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮಾರಾಟ ತಾಣ ಹೊಂದಿರುವ ಉತ್ಪಾದಕರು ಎಷ್ಟು ಜನ? ಅವುಗಳ ನೋಂದಣಿ ಯಾರ ಹೆಸರಿನಲ್ಲಿದೆ?

ಆ) ಆ ತಾಣಗಳಲ್ಲಿ ಐದು ಪ್ರಶ್ನೆಗಳ ಪೈಕಿ ಎಷ್ಟಕ್ಕೆ ಉತ್ತರವಿದೆ?

ಇ) ಕಳೆದ ತಿಂಗಳ ನಾಲ್ಕು ಸಂಖ್ಯೆಗಳು ದಾಖಲಾಗಿವೆಯೇ? ಹೆಚ್ಚು ಜನ ಹಿಂದಿರುಗಿದ್ದು ಯಾವ ಹೆಜ್ಜೆಯಲ್ಲಿ?

ಈ) ತಾಣದಲ್ಲಿ ಕೊಟ್ಟಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿದಾಗ ಯಾರಾದರೂ ಉತ್ತರಿಸಿದರೇ?

ಉಪಸಂಹಾರ

ಒಮ್ಮೆ ಕೊಂಡವರು ಮತ್ತೊಮ್ಮೆ ಬಂದಾಗಲೇ ವ್ಯಾಪಾರ ಬೇರೂರಿತೆನ್ನಬಹುದು. ಸರಕು ಕಳುಹಿಸಿದ ದಿನ ಅಂಚೆಯ ಸಂಖ್ಯೆಯನ್ನು ತಿಳಿಸುವುದು, ತಲಪಿದ ಮೇಲೆ ವಿಚಾರಿಸುವುದು, ಅವರ ಅಭಿಪ್ರಾಯವನ್ನು ಅವರ ಅನುಮತಿ ಪಡೆದು ಇದ್ದಂತೆಯೇ ಪ್ರಕಟಿಸುವುದು, ಇವುಗಳಿಗೆ ಖರ್ಚಿಲ್ಲ. ಸಂತೆಯಲ್ಲಿ ಹೆಸರು ಉಳಿಸಿಕೊಂಡ ವ್ಯಾಪಾರಿ ಪಾಲಿಸುವ ನೀತಿಯೂ ಇದೇ: ಇದ್ದದ್ದನ್ನು ಹೇಳುವುದು, ಹೇಳಿದ್ದನ್ನು ಕೊಡುವುದು, ತಪ್ಪಾದರೆ ಸರಿಪಡಿಸುವುದು. ಈ ನೀತಿಯನ್ನು ಪುಟದ ಮೇಲೆ ಅಕ್ಷರದಲ್ಲಿ ಕಾಣಿಸಿದ ತಾಣಕ್ಕೆ ಬಂದವರು ಬರಿಗೈಯಲ್ಲಿ ಹಿಂದಿರುಗುವುದು ಕಡಿಮೆಯಾಗುತ್ತದೆ. ಬಟ್ಟೆ ನೇಯ್ದವರ ಕೈಗೆ ಅದರ ಬೆಲೆ ನೇರವಾಗಿ ಸೇರುವಂತಾಗುತ್ತದೆ.