ತೂಕ ಇಳಿಸುವ ಸರಳ ಮಾರ್ಗ

ಮೈ ಇಳಿಸಬೇಕೆಂಬ ಹಂಬಲ ಹುಟ್ಟಿದೊಡನೆ ನಮ್ಮಲ್ಲಿ ಅನೇಕರು ಮಾಡುವ ಮೊದಲ ಕೆಲಸ ಊಟ ಬಿಡುವುದು; ಎರಡನೆಯದು, ಜಾಹೀರಾತಿನ ಪುಡಿಯೊಂದನ್ನು ಕೊಳ್ಳುವುದು. ಹೀಗೆ ಅವಸರದಲ್ಲಿ ಇಳಿಸಿದಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ, ಹಸಿವು ಹೆಚ್ಚುತ್ತದೆ. ಯುಗಾದಿಗೆ ಇಳಿದ ತೂಕ ದೀಪಾವಳಿಯ ಹೊತ್ತಿಗೆ ಬಡ್ಡಿ ಸಮೇತ ಹಿಂದಿರುಗುವುದು ಇದರಿಂದಲೇ. ಬೊಜ್ಜು ಹೊಟ್ಟೆಯೊಂದರ ವಿಷಯವಲ್ಲ. ನಿದ್ರೆ, ಚಿಂತೆ, ನಡಿಗೆ, ಉಣ್ಣುವ ಹೊತ್ತು ಎಲ್ಲವೂ ಅದರಲ್ಲಿ ಸೇರಿವೆ.

ಈ ಮಾತಿಗೆ ಆಧಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚೆನ್ನೈ ನಗರದ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಕುರಿತು ನಡೆಸಿದ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ವಿಶೇಷ ಸಲಹೆಯಿರಲಿಲ್ಲ. ಇನ್ನೊಂದಕ್ಕೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ಸಕ್ಕರೆ, ಜಿಡ್ಡು ಮತ್ತು ನುಣ್ಣನೆಯ ಧಾನ್ಯವನ್ನು ಕಡಿಮೆ ಮಾಡಿ ನಾರಿನಂಶ ಹೆಚ್ಚಿಸುವುದು, ಇಷ್ಟೇ ಉಪದೇಶ. 3 ವರ್ಷಗಳಲ್ಲಿ ಮೊದಲನೆಯ ಗುಂಪಿನ ಶೇಕಡ 55 ಮಂದಿಗೆ ರೋಗ ಬಂದಿತು. ಎರಡನೆಯದರಲ್ಲಿ ಶೇಕಡ 39 ಮಂದಿಗೆ. ಸ್ವಾರಸ್ಯವೆಂದರೆ, ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಉಪಕಾರ ಆಗುತ್ತಲೇ ಇತ್ತು. ವಾರವೊಂದರಲ್ಲಿ ನಿರಾಶರಾಗಿ ಕೈಬಿಡುವವರು ಇದನ್ನು ಗಮನಿಸಬೇಕು.

ಆದುದರಿಂದ ತಕ್ಕಡಿಗಿಂತ ದರ್ಜಿಯ ಟೇಪು ಮೇಲು. ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು, ಹೊಟ್ಟೆಯನ್ನು ಒಳಗೆಳೆದುಕೊಂಡಲ್ಲ.

ಊಟದ ವಿಷಯದಲ್ಲಿ ನಾವು ಊರಿನಲ್ಲಿ ಬಿಟ್ಟು ಬಂದುದನ್ನು ನೆನೆದರೆ ಸಾಕು. ರಾಗಿ, ಜೋಳ, ಹುರುಳಿ, ಬಸ್ಸಾರು, ಕೋಸಂಬರಿ ಇವೆಲ್ಲ ಇಲ್ಲಿಯೂ ಸುಲಭ. ತಮಿಳರ ಕೇಳ್ವರಗು ನಮ್ಮ ರಾಗಿಯೇ ತಾನೆ. ಆಡಿ ಮಾಸದಲ್ಲಿ ಅಮ್ಮನ ಗುಡಿಗಳಲ್ಲಿ ಹಂಚುವ ಕೂಳು ಅದರದೇ. ಆದರೆ ರಾಗಿಯೆಂದು ಮೂರು ಮುದ್ದೆ ನುಂಗಿದರೆ ಫಲವಿಲ್ಲ. ಅದರಲ್ಲಿಯೂ ಪಿಷ್ಟ ಬೇಕಾದಷ್ಟಿದೆ. ಮುದ್ದೆ ಚಿಕ್ಕದಾಗಿ, ಸೊಪ್ಪುಸಾರು ದೊಡ್ಡದಾಗಲಿ.

ಇನ್ನು ಕಾಫಿ. ಅದನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ! ಆದರೆ ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟವಾದರೆ ಸುಮಾರು 40 ಗ್ರಾಂ ಸಕ್ಕರೆ, ವರ್ಷಕ್ಕೆ 14 ಕಿಲೋ ಮೀರಿತು. ಸಕ್ಕರೆಯನ್ನು ಅರ್ಧಕ್ಕಿಳಿಸಿ, ಕೆಲವೇ ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ.

ನಿದ್ರೆಗೆಟ್ಟವರಲ್ಲಿ ಹಸಿವನ್ನು ಕೆರಳಿಸುವ ರಸ ಏರಿ, ತೃಪ್ತಿ ಕೊಡುವ ರಸ ಇಳಿಯುವುದುಂಟು. ರಾತ್ರಿ ಪಾಳಿಯ ಮಕ್ಕಳು ನಡುರಾತ್ರಿಯಲ್ಲಿ ಡಬ್ಬಿ ಹುಡುಕುವುದು ಬರಿಯ ಚಪಲವಲ್ಲ. ಅವರನ್ನು ಹಂಗಿಸುವ ಬದಲು ಹಗಲಿನಲ್ಲಿ ಕತ್ತಲೆಯ ಕೋಣೆಯೊಂದನ್ನು ಬಿಟ್ಟುಕೊಡಿ. ಚಿಂತೆ ಹೆಚ್ಚಿದಾಗ ತಿನ್ನುವವರಿಗೆ ಮರೀನಾದಲ್ಲಿ ಬೆಳಗಿನ ನಡಿಗೆ, ಜೊತೆಗೊಬ್ಬ ಸ್ನೇಹಿತರಿದ್ದರೆ ಎರಡು ಔಷಧ ಒಟ್ಟಿಗೆ ಸಿಕ್ಕಂತೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು. ರಕ್ತದ ಸಕ್ಕರೆ ಥಟ್ಟನೆ ಕುಸಿಯಬಹುದು. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡದೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.