ಮಲಗುವ ಕೋಣೆಯ ಗಾಳಿ

ಹಗಲಲ್ಲಿ ಚೆನ್ನಾಗಿ ಆಡುವ ಮಗು ರಾತ್ರಿ ಹಾಸಿಗೆಗೆ ಬಂದೊಡನೆ ಕೆಮ್ಮುತ್ತದೆಯೇ? ಬೆಳಗ್ಗೆ ಎದ್ದೊಡನೆ ಸಾಲು ಸೀನು ಬರುತ್ತದೆಯೇ? ಹಾಗಿದ್ದರೆ ಔಷಧಿಯ ಜೊತೆಗೆ ಮಲಗುವ ಕೋಣೆಯನ್ನೂ ಒಮ್ಮೆ ಪರೀಕ್ಷಿಸಿ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ವಿಷಯಗಳನ್ನು ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತಾರೆ. ಅವುಗಳಲ್ಲಿ ಮೊದಲನೆಯದು ಗಾಳಿ. ನಿದ್ರೆ ಮತ್ತು ಮನಸ್ಸಿನ ನೆಮ್ಮದಿಯೂ ಈ ಆರರಲ್ಲಿ ಸೇರಿವೆ. ಮಲಗುವ ಕೋಣೆಯಲ್ಲಿ ಈ ಮೂರೂ ಕೂಡುತ್ತವೆ.

ಹಾಸಿಗೆ: ನಮ್ಮ ಚರ್ಮದಿಂದ ಉದುರುವ ಹುಡಿಯನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ನುಸಿಗಳು ಹಾಸಿಗೆ, ದಿಂಬುಗಳಲ್ಲಿರುತ್ತವೆ. ಅಲರ್ಜಿ ಮತ್ತು ಅಸ್ತಮಾ ಕೆರಳಲು ಇವು ಮುಖ್ಯ ಕಾರಣ. ತೇವವಿದ್ದಲ್ಲಿ ಇವು ಹೆಚ್ಚುತ್ತವೆ. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಒಣಗಿಸಬಹುದು. ಚಾಪೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿಯಲ್ಲಿ, ಒಗೆಯಿರಿ. ಹಾಸಿಗೆ ಬಡಿಯುವಾಗ ಅಸ್ತಮಾ ಇರುವವರು ದೂರವಿರಲಿ. ಮಲಗುವ ಮುನ್ನ ಹಾಸಿಗೆಯನ್ನು ಕೊಡವಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಸುನ್ನತ್ ಮನೆಯಲ್ಲಿ ರೂಢಿಯಾಗಲಿ.

ಗೋಡೆ: ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬಂದರೆ ಅದರ ಮೇಲೆ ಪೇಂಟ್ ಬಳಿದು ಮುಚ್ಚಬೇಡಿ. ನೀರು ಎಲ್ಲಿಂದ ಇಳಿಯುತ್ತಿದೆಯೆಂದು ನೋಡಿ ಮೊದಲು ಅದನ್ನು ಸರಿಪಡಿಸಿ. ಸುಣ್ಣ ಬಳಿದ ಗೋಡೆಯ ತೇವ ಆರಿಹೋಗುತ್ತದೆ; ಸುಣ್ಣದ ಕ್ಷಾರಗುಣದಿಂದ ಬೂಷ್ಟೂ ಸುಲಭವಾಗಿ ಹಿಡಿಯದು. ಕಪಾಟನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಅಂತರವಿಡಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ.

ಹೊಗೆ: ನೈಸರ್ಗಿಕವಾದುದೆಲ್ಲ ನಿರಪಾಯವೆಂದು ತಿಳಿಯಬೇಡಿ. ಲೋಬಾನ್, ಊದು ಮರದಿಂದಲೇ ಬಂದರೂ ಅವುಗಳ ಹೊಗೆ ಹೊಗೆಯೇ. ಹಸುಗೂಸು, ಗರ್ಭಿಣಿ, ಅಸ್ತಮಾ ರೋಗಿ ಇರುವ ಕೋಣೆಯಲ್ಲಿ ಅದು ಬೇಡ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಉರಿಸುವುದಂತೂ ಬೇಡವೇ ಬೇಡ. ಬದಲಿಗೆ ಸೊಳ್ಳೆಪರದೆ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಇರಲಿ.

ಇದಕ್ಕೆಲ್ಲ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ಫಜ್ರ್ ನಮಾಝಿನ ಬಳಿಕ ಕಿಟಕಿಗಳನ್ನು ತೆರೆದಿಡಿ. ಒಗೆಯಲಾಗದ ದಪ್ಪ ಕಾರ್ಪೆಟ್ಟು, ಧೂಳು ತುಂಬಿದ ಗೊಂಬೆಗಳನ್ನು ಕೋಣೆಯಿಂದ ಹೊರಗಿಡಿ.

ಒಂದು ಎಚ್ಚರಿಕೆ: ಇವು ಚಿಕಿತ್ಸೆಗೆ ಬದಲಿಯಲ್ಲ. ವೈದ್ಯರು ಕೊಟ್ಟ ಇನ್ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ಉಸಿರೆಳೆಯುವಾಗ ಮಗುವಿನ ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಮಾತಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.