ಹರಡು ಮುಚ್ಚುವ ಬೂಟು, ಮೊಣಕೈ ಬಿಡದ ಜಾಕೆಟ್ಟು

ನರ್ಸಮ್ಮ ನನ್ನ ಮೊಣಕೈಯನ್ನು ಬ್ರಷ್ ಹಾಕಿ ತಿಕ್ಕುತ್ತಿದ್ದರು. ಗಾಯದೊಳಗೆ ಹೂತುಹೋಗಿದ್ದ ಜಲ್ಲಿಚೂರು ಒಂದೊಂದಾಗಿ ಟ್ರೇಗೆ ಬಿದ್ದು ಟಿಣ್ ಎನ್ನುತ್ತಿತ್ತು. "ಜಾಕೆಟ್ ಹಾಕ್ಕೊಂಡಿದ್ರಂತಲ್ಲ ಸಾರ್?" ಎಂದರು. ಹಾಕಿಕೊಂಡಿದ್ದೆ. ಅದು ಮಂಚದ ಕೆಳಗೇ ಬಿದ್ದಿತ್ತು. ಕಪ್ಪು ಬಟ್ಟೆ, ಕೆಂಪು ಪಟ್ಟೆ, ಎದೆಯ ಮೇಲೆ ದೊಡ್ಡಕ್ಷರದಲ್ಲಿ ರೇಸಿಂಗ್ ಎಂದು ಬೇರೆ. ತೋಳಿನ ಹೊಲಿಗೆ ಮಣಿಕಟ್ಟಿನಿಂದ ಮೇಲಿನವರೆಗೂ ಬಾಯಿ ಬಿಟ್ಟಿತ್ತು. ಆದರೆ ಮೊಣಕೈಯ ಪ್ಲಾಸ್ಟಿಕ್ ಕಪ್ಪಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ನಾನು ನೆಲಕ್ಕೆ ಬೀಳುವ ಹೊತ್ತಿಗೆ ಅದು ಗಿರಕಿ ಹೊಡೆದು ಕೈಯ ಒಳಮಡಿಕೆಗೆ ಬಂದು ಸುಖವಾಗಿ ಕುಳಿತಿತ್ತು.

ನಾನು ಹಾಸನದಲ್ಲಿ ಮೆಡಿಕಲ್ ರೆಪ್. ಸೋಮವಾರ ಅರಸೀಕೆರೆ, ಮಂಗಳವಾರ ಬೇಲೂರು, ಮತ್ತೊಂದು ದಿನ ಸಕಲೇಶಪುರ, ಇನ್ನೊಂದು ದಿನ ಅರಕಲಗೂಡು. ದಿನಕ್ಕೆ ಎಂಬತ್ತು, ನೂರು ಕಿಲೋಮೀಟರ್ 150 ಸಿಸಿ ಬೈಕಿನ ಮೇಲೆ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಕಪ್ಪು ಶೂ, ಬೆನ್ನಿಗೆ ಸ್ಯಾಂಪಲ್ ತುಂಬಿದ ಬ್ಯಾಗು. ಅವತ್ತು ಜನವರಿಯ ಮಧ್ಯಾಹ್ನ, ತೋಟಗಳಲ್ಲಿ ಕಾಫಿ ಕುಯ್ಲು ನಡೆಯುತ್ತಿತ್ತು. ಬೇಲೂರಿನಿಂದ ಸಕಲೇಶಪುರಕ್ಕೆ ಹೋಗುವಾಗ ಒಂದು ಎಡತಿರುವಿನಲ್ಲಿ, ಗುಂಡಿ ಮುಚ್ಚಲು ತಂದ ಜಲ್ಲಿ ರಸ್ತೆ ತುಂಬ ಹರಡಿಕೊಂಡಿತ್ತು. ನಲವತ್ತರ ವೇಗ ಇದ್ದಿರಬೇಕು. ಮುಂದಿನ ಬ್ರೇಕು ಹಿಡಿದೆ. ಅದೇ ತಪ್ಪು. ಬೈಕು ಎಡಗಾಲಿನ ಮೇಲೆ ಮಲಗಿತು, ನನ್ನನ್ನು ಎಳೆದುಕೊಂಡೇ ಹೋಯಿತು. ಎದ್ದು ನೋಡಿದರೆ ಎಡಗಾಲಿನ ಶೂ ರಸ್ತೆಯ ಆಚೆ ಬದಿಯಲ್ಲಿತ್ತು. ಲೇಸು ಕಟ್ಟಿದ ಹಾಗೇ ಇತ್ತು, ಪಾಲಿಶ್ ಕೂಡ ಕೆಟ್ಟಿರಲಿಲ್ಲ. ಕಾಲಿನ ಹರಡಿನ ಹೊರಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಮನೆಗೆ ಬಂದಾಗ ಅಮ್ಮ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು, "ಸಾವಿರದೆಂಟುನೂರು ಕೊಟ್ಟು ತಂದೆ ಅಂದ್ಯಲ್ಲೋ, ಏನು ಕಾಯ್ತು ಇದು?" ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಆ ಆರು ವಾರ ನಾನು ಯೋಚಿಸಿದ್ದು ಬಹುಪಾಲು ಇದನ್ನೇ.

ನಾಚಿಕೆಯಾಗುವಂಥ ವಿಷಯ ಒಂದಿದೆ. ಬ್ರ್ಯಾಂಡು ಬೇರೆ, ಒಳಗಿನ ಮದ್ದು ಬೇರೆ ಎಂಬುದು ನನ್ನ ಕಸುಬಿನ ಮೊದಲ ಪಾಠ. ಮಾತ್ರೆಯ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿಕೊಂಡೇ ಹನ್ನೆರಡು ವರ್ಷ ಅನ್ನ ತಿಂದಿದ್ದೇನೆ. ಅಂಥವನು ಜಾಕೆಟ್ಟು ಕೊಳ್ಳುವಾಗ ಹೊರಗಿನ ಅಕ್ಷರ ಮಾತ್ರ ಓದಿದ್ದೆ. ಮಲಗಿದಲ್ಲೇ ಕತ್ತರಿ ತರಿಸಿ ಅದರ ಒಳಪದರ ಬಿಚ್ಚಿದೆ. ಭುಜದಲ್ಲಿದ್ದದ್ದು ಪಾತ್ರೆ ತೊಳೆಯುವ ಸ್ಪಂಜಿನಂಥ ತುಂಡು. ಬೆರಳಲ್ಲಿ ಒತ್ತಿದರೆ ಬೆರಳಿಗೆ ಬೆರಳು ತಾಗುತ್ತಿತ್ತು. ಬೆನ್ನಿನಲ್ಲಿ ಚಪ್ಪಲಿಯ ಅಟ್ಟೆಗಿಂತ ತೆಳುವಾದ ಫೋಮ್ ಹಾಳೆ. ಮೊಣಕೈ ಕಪ್ಪಿನ ಮೇಲೆ ಸಿಇ ಎಂಬ ಎರಡಕ್ಷರ ಅಚ್ಚೊತ್ತಿತ್ತು, ಜೊತೆಗೆ ನಂಬರಿಲ್ಲ, ಚಿತ್ರವಿಲ್ಲ, ಏನೂ ಇಲ್ಲ.

ಆ ಎರಡಕ್ಷರದ ಕಥೆ ತಿಳಿದುಕೊಳ್ಳಲು ಸುಮಾರು ಸಮಯ ಹಿಡಿಯಿತು. ನಮ್ಮ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕೇಳುತ್ತದೆ, ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇದೆ. ಜಾಕೆಟ್ಟು, ಬೂಟನ್ನು ಯಾವ ಪೊಲೀಸರೂ ಕೇಳುವುದಿಲ್ಲ. ಹಾಗಾಗಿ ಇಲ್ಲಿ ಒಳ್ಳೆಯ ಮಾಲು ಮಾಡುವವರೂ ಯುರೋಪಿನ ಅಳತೆಗೋಲನ್ನೇ ಹಿಡಿಯುತ್ತಾರೆ, ಸಿಇ ಅಲ್ಲಿಯ ಗುರುತು. ಭುಜ, ಮೊಣಕೈ, ಮಂಡಿಗಳಲ್ಲಿ ಪೆಟ್ಟು ತಡೆಯಲು ಇಡುವ ತುಂಡಿಗೆ, ಅಂದರೆ ಆರ್ಮರಿಗೆ, ಇಎನ್ 1621-1 ಎಂಬ ನಂಬರು. ಸುಮಾರು ಐದು ಕೆಜಿ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು ಪೆಟ್ಟು ಕೊಟ್ಟು, ಅದರಲ್ಲಿ ಆಚೆ ಬದಿಗೆ ಎಷ್ಟು ದಾಟಿತು ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಬೆನ್ನಿನದು ಇಎನ್ 1621-2, ಅಲ್ಲಿ ಲೆಕ್ಕ ಇನ್ನೂ ಬಿಗಿ: 18 ಮತ್ತು 9. ಅಸಲಿ ತುಂಡಿನ ಮೇಲೆ ಈ ನಂಬರು, ಲೆವೆಲ್ಲು, ಬೈಕ್ ಸವಾರನ ಒಂದು ಪುಟ್ಟ ಚಿತ್ರ, ಭುಜಕ್ಕೆ ಎಸ್, ಮೊಣಕೈಗೆ ಇ, ಮಂಡಿಗೆ ಕೆ ಎಂಬ ಅಕ್ಷರ ಇರುತ್ತವೆ. ಬರೀ ಸಿಇ ಎಂದಿದ್ದರೆ ಅದು ಅಚ್ಚಿನ ಶಾಯಿಯ ಖರ್ಚು, ಅಷ್ಟೆ.

ಇನ್ನೊಂದು ಮಸಲತ್ತಿದೆ. ಒಳಗಿನ ಆರ್ಮರ್ ಪಾಸಾಗಿದ್ದರೆ ಇಡೀ ಜಾಕೆಟ್ಟೇ ಪಾಸಾದಂತೆ ಟ್ಯಾಗು ನೇತುಹಾಕುತ್ತಾರೆ. ಜಾಕೆಟ್ಟಿನ ಬಟ್ಟೆ, ಹೊಲಿಗೆಗಳ ಪರೀಕ್ಷೆ ಬೇರೆಯೇ. ಅದರ ನಂಬರು ಇಎನ್ 17092, ದರ್ಜೆಗಳು ಎ, ಎಎ, ಎಎಎ ಎಂದು ಏರುತ್ತವೆ. ನನ್ನಂಥವನ ದುಡ್ಡಿಗೆ ಎ ಸಿಕ್ಕರೆ ಪುಣ್ಯ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹತ್ತು ಸಾವಿರ ಎತ್ತಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಆ ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಡಿ, ಮನೆಯ ಟಿವಿ ಬದಲಾಯಿಸುವ ಮಾತು ಅಲ್ಲಿಗೇ ನಿಂತಿತು. ಮೊದಲ ಮೂರು ಅಂಗಡಿಗಳಲ್ಲಿ "ಒಳಗಿನ ಆರ್ಮರ್ ತೆಗೆದು ತೋರಿಸಿ ಅಣ್ಣ" ಎಂದ ಕೂಡಲೇ ಮುಖ ಗಂಟಾಯಿತು. ನಾಲ್ಕನೆಯ ಅಂಗಡಿಯ ಹಿರಿಯರು ಮಾತಾಡದೆ ತಾವೇ ಜಿಪ್ಪೆಳೆದು, ಭುಜದ ತುಂಡನ್ನು ಹೊರತೆಗೆದು ನನ್ನ ಕೈಗಿಟ್ಟರು. ಮೆತ್ತಗೆ, ರಬ್ಬರಿನಂತೆ ಬಾಗುತ್ತಿತ್ತು. "ನಿಧಾನಕ್ಕೆ ಒತ್ತಿದ್ರೆ ಹಿಂಗೆ ಸಾರ್, ಗುದ್ದಿ ನೋಡಿ" ಎಂದರು. ಮೇಜಿನ ಮೇಲಿಟ್ಟು ಗುದ್ದಿದೆ. ಮುಷ್ಟಿಗೆ ಮೇಜು ತಾಗಲಿಲ್ಲ. ಅಲ್ಲೇ ಕೂತುಬಿಟ್ಟೆ.

ಹಾಕಿ ನೋಡುವುದರಲ್ಲಿಯೂ ಒಂದು ಕ್ರಮ ಇದೆ, ಅದನ್ನೂ ಅವರೇ ಕಲಿಸಿದರು. ಕನ್ನಡಿಯ ಮುಂದೆ ನಿಂತು ನೋಡಿದರೆ ಎಲ್ಲ ಜಾಕೆಟ್ಟೂ ಚಂದ. ಅಂಗಡಿಯ ಹೊರಗೆ ನಿಲ್ಲಿಸಿದ್ದ ಅವರ ಸ್ಕೂಟರಿನ ಮೇಲೆ ಕೂರಿಸಿ ಹ್ಯಾಂಡಲ್ ಹಿಡಿಸಿದರು. ಹಾಗೆ ಕೂತಾಗ ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಹಿಂದೆ ಸರಿದರೆ ಬೇಡ. ಸೊಂಟದಲ್ಲಿ ಬೆನ್ನು ಕಂಡರೂ ಬೇಡ. ಆಮೇಲೆ ಅವರು ನನ್ನ ಮೊಣಕೈ ಕಪ್ಪನ್ನು ಹಿಡಿದು ಬಾಟಲಿ ಮುಚ್ಚಳ ತಿರುಗಿಸುವಂತೆ ತಿರುಗಿಸಿದರು. ನನ್ನ ಮೆಚ್ಚಿನ ಬೂದು ಜಾಕೆಟ್ಟು ಅಲ್ಲಿ ಫೇಲಾಯಿತು. ಒಂದು ಸೈಜು ಚಿಕ್ಕದು ತೆಗೆದು, ತೋಳಿನ ಪಟ್ಟಿ ಬಿಗಿದ ಮೇಲೆ ಆ ಕಪ್ಪು ತನ್ನ ಜಾಗ ಬಿಟ್ಟು ಅಲುಗಲಿಲ್ಲ. "ಒಳಗೆ ಸ್ವೆಟರ್ ಹಾಕ್ಬೇಕಲ್ಲ, ಒಂದು ಸೈಜ್ ದೊಡ್ಡದು ಇರಲಿ" ಎಂದು ತಗೊಳ್ಳುವುದು ನಮ್ಮಲ್ಲಿ ರೂಢಿ. ಶಾಲೆಯ ಯೂನಿಫಾರಂ ಕಾಲದಿಂದ ಬಂದ ಬುದ್ಧಿ ಅದು. ನನ್ನ ಮೊಣಕೈ ಚರ್ಮ ಹೋದದ್ದು ಆ ಬುದ್ಧಿಯಿಂದಲೇ.

ಬಟ್ಟೆಯ ವಿಷಯದಲ್ಲಿ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೆಳೆಯನೊಬ್ಬ ತನ್ನ ಚರ್ಮದ ಜಾಕೆಟ್ಟು ಕೊಡುತ್ತೇನೆಂದಿದ್ದ. ಅದು ಮದುವೆಮನೆಗೆ ಹಾಕುವ ಚರ್ಮ, ಕೈಚೀಲದಷ್ಟು ತೆಳು. ಸವಾರಿಯ ಚರ್ಮ ಮಿಲಿಮೀಟರಿಗಿಂತ ದಪ್ಪ ಇರುತ್ತದೆ, ಅದನ್ನು ಹೊತ್ತು ಮೇ ತಿಂಗಳಲ್ಲಿ ಅರಸೀಕೆರೆಯ ಕಡೆ ಹೋಗುವುದು ನನ್ನಿಂದಾಗದ ಮಾತು. ಪೂರ್ತಿ ಮೆಶ್ ಆದರೆ ಗಾಳಿ ಆಡುತ್ತದೆ, ಆದರೆ ಡಾಂಬರಿನ ಮೇಲೆ ಜಾರಿದಾಗ ಬಲೆ ಬಲೆಯೇ. ನಾನು ತಂದದ್ದು ಎದೆ ಮತ್ತು ತೋಳಿನ ಒಳಬದಿಗೆ ಮಾತ್ರ ಮೆಶ್ ಇದ್ದು, ಭುಜ ಮತ್ತು ಮೊಣಕೈಗೆ ಒರಟು ನೈಲಾನ್ ಇರುವಂಥದ್ದು. ಮೊದಲು ಉಜ್ಜುವುದು ಅವೇ ಜಾಗಗಳು. ಹೊಲಿಗೆ ಎರಡು ಸಾಲು, ಕೆಲವೆಡೆ ಮೂರು. ₹5,800 ಆಯಿತು. ಬೆನ್ನಿನಲ್ಲಿ ಅದೇ ಹಳೆಯ ಕಥೆ, ಫೋಮ್ ಹಾಳೆ. ಅದನ್ನು ಬದಲಿಸಲು ಇನ್ನೊಂದು ಇನ್ಸೆಂಟಿವ್ ಬರುವವರೆಗೆ ಕಾದೆ.

ಮಳೆಗೆ ಒಳಗೆ ಹಾಕುವ ಲೈನರ್ ಕೊಟ್ಟಿದ್ದರು. ಸಕಲೇಶಪುರದ ಜುಲೈ ನೋಡದವರು ಮಾಡಿದ ಏರ್ಪಾಡು ಅದು. ನಾನು ನೆನೆಯುವುದಿಲ್ಲ ನಿಜ, ಆದರೆ ಜಾಕೆಟ್ಟು ನೆನೆದು ಒದ್ದೆ ಕಂಬಳಿಯಂತೆ ಭಾರವಾಗಿ ಮೂರು ದಿನ ಒಣಗುವುದಿಲ್ಲ. ಈಗ ಮೇಲೆ ಒಂದು ಸಾದಾ ರೇನ್‌ಕೋಟು.

ಇನ್ನು ಬೂಟು. ಜಾಕೆಟ್ಟಿಗೆ ಕೊಟ್ಟು ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ. ಅದರಲ್ಲಿ ಮಂಡಿ ಗಾರ್ಡುಗಳೂ ಬರಬೇಕು. ಹಾಗಾಗಿ ಮೊದಲ ಎಂಟು ತಿಂಗಳು ಫ್ಯಾಕ್ಟರಿ ಕೆಲಸಗಾರರು ಹಾಕುವ ಸೇಫ್ಟಿ ಶೂನಲ್ಲಿ ಕಳೆದೆ, ₹1,250ರದ್ದು. ಇಲ್ಲದಿರುವುದಕ್ಕಿಂತ ಸಾವಿರ ಪಾಲು ಮೇಲು, ಅದನ್ನು ಯಾರ ಮುಂದೆಯೂ ಹೇಳುತ್ತೇನೆ. ಬೆರಳಿನ ಮೇಲೆ ಉಕ್ಕಿನ ಟೋಪಿ, ದಪ್ಪ ಅಟ್ಟೆ. ಆದರೆ ಟೋ ದಪ್ಪವಾದ್ದರಿಂದ ಗೇರ್ ಲಿವರಿನ ಕೆಳಗೆ ಕಾಲು ತೂರುತ್ತಿರಲಿಲ್ಲ, ಮೆಕ್ಯಾನಿಕ್ ಹತ್ತಿರ ಲಿವರನ್ನು ಒಂದು ಹಲ್ಲು ಮೇಲೆ ಕೂರಿಸಬೇಕಾಯಿತು. ಲೇಸಿನ ಕುಣಿಕೆ ಒಮ್ಮೆ ಫುಟ್‌ರೆಸ್ಟಿಗೆ ಸಿಕ್ಕಿ ಸಿಗ್ನಲ್ಲಿನಲ್ಲಿ ಕಾಲೂರಲಾಗದೆ ನಿಂತಲ್ಲೇ ವಾಲಿದೆ. ಪಕ್ಕದ ಆಟೋದವರು ಹಿಡಿದುಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಮುರಿದ ಹರಡನ್ನು ಅದು ಅರ್ಧ ಮಾತ್ರ ಮುಚ್ಚುತ್ತಿತ್ತು.

ಬೂಟು ನೋಡುವಾಗ ಈಗ ನಾನು ಮಾಡುವುದು ಇಷ್ಟು. ಮುಂಗಾಲು, ಹಿಮ್ಮಡಿ ಎರಡನ್ನೂ ಹಿಡಿದು ಒದ್ದೆ ಟವೆಲ್ ಹಿಂಡಿದಂತೆ ಹಿಂಡುತ್ತೇನೆ. ಅಟ್ಟೆ ತಿರುಚಿಕೊಂಡರೆ ಒಳಗಿನ ಪಾದವೂ ತಿರುಚಿಕೊಳ್ಳುತ್ತದೆ. ಆಮೇಲೆ ನಡುಪಾದದ ಜಾಗವನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಅಮುಕುತ್ತೇನೆ. ಬೈಕು ಮೇಲೆ ಬಿದ್ದಾಗ ಆಗುವುದು ಅದೇ. ಹರಡಿನ ಒಳಗೂ ಹೊರಗೂ ಗಟ್ಟಿ ಬಿಲ್ಲೆ ಇದೆಯೇ ಎಂದು ಬೆರಳಲ್ಲಿ ಕುಟ್ಟಿ ನೋಡುತ್ತೇನೆ. ಸವಾರಿ ಬೂಟಿನ ನಂಬರು ಇಎನ್ 13634. ಲೇಬಲ್ಲಿನಲ್ಲಿ ನಾಲ್ಕು ಅಂಕಿ ಇರುತ್ತವೆ, ಒಂದೊಂದೂ 1 ಅಥವಾ 2: ಬೂಟಿನ ಎತ್ತರ, ಉಜ್ಜುವಿಕೆಗೆ ತಾಳುವುದು, ಕುಯ್ಯುವಿಕೆಗೆ ತಾಳುವುದು, ಅಡ್ಡಕ್ಕೆ ಅಮುಕಿದರೆ ಬಗ್ಗದಿರುವುದು. ನಾಲ್ಕನೆಯದು 2 ಇರುವ ಜೋಡಿಗಾಗಿ ನಾನು ಉಳಿದ ಮೂರರಲ್ಲಿ ರಾಜಿ ಮಾಡಿಕೊಂಡೆ. ಅದು ನನ್ನ ಮುರಿದ ಕಾಲಿನ ತೀರ್ಮಾನ, ನಿಮ್ಮದು ಬೇರೆ ಇರಬಹುದು.

ಅಂಗಡಿಯವರು ಹೇಳದ ಒಂದು ತೊಡಕು ನನಗೆ ಎದುರಾದದ್ದು ಕ್ಲಿನಿಕ್ಕುಗಳ ಬಾಗಿಲಲ್ಲಿ. "ಪಾದರಕ್ಷೆ ಹೊರಗೆ ಬಿಡಿ" ಎಂಬ ಬೋರ್ಡು. ದಿನಕ್ಕೆ ಹತ್ತು ಡಾಕ್ಟರು, ಇಪ್ಪತ್ತು ಸಲ ಬಿಚ್ಚಿ ಕಟ್ಟುವುದು. ಸೇಫ್ಟಿ ಶೂ ಕಾಲದಲ್ಲಿ ಬೇಸತ್ತು, ಮೂರನೆಯ ವಾರಕ್ಕೆ ಮತ್ತೆ ಹಳೆಯ ಕಪ್ಪು ಶೂ ಮೆಟ್ಟಿಕೊಂಡು ಹೊರಟಿದ್ದೆ. ಅಮ್ಮ ಏನೂ ಅನ್ನಲಿಲ್ಲ, ಪಾದದ ಕಡೆ ಒಂದು ಸಲ ನೋಡಿದಳು. ವಾಪಸ್ಸು ಬಂದು ಬದಲಾಯಿಸಿದೆ. ಅದಕ್ಕೇ ಮುಂದಿನ ಜೋಡಿ ಕೊಳ್ಳುವಾಗ ಲೇಸು ಬೇಡವೇ ಬೇಡ ಎಂದೆ. ಪಕ್ಕಕ್ಕೆ ಜಿಪ್ಪು, ಅದರ ಮೇಲೆ ಅಗಲವಾದ ವೆಲ್ಕ್ರೋ ಪಟ್ಟಿ. ₹3,900. ಈಗ ಮೆಟ್ಟಿಲ ಮೇಲೆ ಕೂತು ಚರ್ರನೆ ಎಳೆದರೆ ಹತ್ತು ಸೆಕೆಂಡಿನ ಕೆಲಸ. ಬೇಲೂರಿನ ಒಂದು ಕ್ಲಿನಿಕ್ಕಿನ ಹುಡುಗಿ ಮೊದಲ ದಿನ "ಸಾರ್, ಯುದ್ಧಕ್ಕೆ ಹೊರಟ್ರಾ?" ಎಂದಿದ್ದಳು. ಈಗ ಜಾಕೆಟ್ಟು ನೇತುಹಾಕಲು ಅವಳೇ ಒಂದು ಮೊಳೆ ತೋರಿಸಿದ್ದಾಳೆ. ಕಾಲುಚೀಲ ಮಾತ್ರ ತೂತಿರದಂತೆ ನೋಡಿಕೊಳ್ಳಬೇಕು.

ಮಳೆಗಾಲದಲ್ಲಿ ಪ್ಯಾಂಟನ್ನು ಬೂಟಿನೊಳಗೆ ತೂರಿಸಿಕೊಂಡರೆ ನೀರು ಬಟ್ಟೆ ಹಿಡಿದು ಇಳಿದು ಬೂಟು ಕೊಡ ಆಗುತ್ತದೆ. ರೇನ್‌ಕೋಟಿನ ಪ್ಯಾಂಟು ಬೂಟಿನ ಹೊರಗಿರಬೇಕು. ನೆನೆದ ಬೂಟಿಗೆ ರಾತ್ರಿ ಹಳೆಯ ಪೇಪರು ತುರುಕಿಟ್ಟರೆ ಬೆಳಗ್ಗೆ ಹಾಕುವಷ್ಟು ಒಣಗಿರುತ್ತದೆ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಮ್ಮೆ ಬಿಟ್ಟಿದೆ.

ಕಳೆದ ವರ್ಷ ಆಲೂರಿನ ಹತ್ತಿರ ನಾಯಿ ಅಡ್ಡ ಬಂತು. ಮತ್ತೆ ಅದೇ ಎಡಬದಿ, ಹೆಚ್ಚು ಕಡಿಮೆ ಅದೇ ವೇಗ. ಮೊಣಕೈಯ ನೈಲಾನ್ ಕರಗಿ ಹೊಳಪಾಗಿತ್ತು, ಭುಜದಲ್ಲಿ ಒಂದು ಸಾಲು ಹೊಲಿಗೆ ಹೋಗಿತ್ತು, ಎರಡನೆಯ ಸಾಲು ಹಿಡಿದಿತ್ತು. ಬೂಟಿನ ಹರಡಿನ ಬಿಲ್ಲೆಯ ಮೇಲೆ ರೂಪಾಯಿ ಅಗಲದ ಗಾಯ. ನನಗೆ ಸೊಂಟದಲ್ಲಿ ಒಂದು ನೀಲಿ ಮಚ್ಚೆ. ಸೊಂಟಕ್ಕೆ ಏನೂ ಹಾಕಿರಲಿಲ್ಲವಲ್ಲ. ಮಧ್ಯಾಹ್ನ ಎರಡಕ್ಕೆ ಆಗಬೇಕಿದ್ದ ಡಾಕ್ಟರ ಭೇಟಿಗೆ ಮೂರಕ್ಕೆ ಹೋದೆ. ಟೈಲರು ಹೊಲಿಗೆಗೆ ನೂರೈವತ್ತು ತಗೊಂಡರು. ಪೆಟ್ಟು ತಿಂದ ಮೊಣಕೈ ಆರ್ಮರನ್ನು ಮತ್ತೆ ನಂಬುವ ಧೈರ್ಯವಾಗದೆ ಹೊಸ ಜೋಡಿ ತಂದು ತೂರಿಸಿದೆ.

ಮೊನ್ನೆ ನಮ್ಮ ಟೀಮಿಗೆ ಸೇರಿದ ಹುಡುಗನೊಬ್ಬ ಕೇಳಿದ, "ಸಾರ್, ನಿಮ್ ಹಳೇ ಜಾಕೆಟ್ ಇದ್ರೆ ಕೊಡಿ, ಸಂಬಳ ಆಗೋವರ್ಗೂ ಹಾಕ್ಕೋತೀನಿ." ಕೊಡಲಾಗುವುದಿಲ್ಲ ಎಂದೆ. ಜಿಪುಣ ಎಂದುಕೊಂಡನೋ ಏನೋ. ರೇಸಿಂಗ್ ಎಂದು ಬರೆದ ಆ ಜಾಕೆಟ್ಟು ಈಗ ಊರಿನ ನಮ್ಮ ಮುಸುಕಿನ ಜೋಳದ ಹೊಲದಲ್ಲಿ ಬೆದರುಗೊಂಬೆಯ ಮೈಮೇಲಿದೆ. ಹುಡುಗನಿಗೆ ನನ್ನ ಸೇಫ್ಟಿ ಶೂ ಕೊಟ್ಟಿದ್ದೇನೆ, ಅವನದೂ ಎಂಟನೇ ನಂಬರು. ಭಾನುವಾರ ಇಬ್ಬರೂ ಜೆ.ಸಿ. ರಸ್ತೆಗೆ ಹೋಗುವುದೆಂದಾಗಿದೆ, ಬಸ್ಸಿನಲ್ಲಿ.